ಶಾಲೆಯಲ್ಲಿ ಟೀಚರ್, ಮನೆಯಲ್ಲಿ ನಾಲ್ಕು ಹಸು: ಎರಡೂ ಆಗುತ್ತಾ?

ಸರ್ಕಾರಿ ಪ್ರೈಮರಿ ಶಾಲೆಗೆ ಆಯ್ಕೆಯಾಗಿದ್ದೀರಿ, ಹಸು ಕಟ್ಟಿರುವ ಮನೆಯಿಂದ ಸಂಬಂಧ ಬಂದಿದೆ, ಪೇಟೆಯಲ್ಲಿ ಬೆಳೆದ ನನ್ನಿಂದ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹದಿನಾರು ವರ್ಷದಿಂದ ನನ್ನದು ಇದೇ ಬದುಕು. ಖಂಡಿತ ಆಗುತ್ತದೆ. ಆದರೆ ಒಂದು ಮಾತನ್ನು ಮದುವೆಗೆ ಮುಂಚೆಯೇ ಕೇಳಿಕೊಳ್ಳಿ: ಸಂಜೆ ಹಾಲು ಕರೆಯುವವರು ಯಾರು?

ಬೆಳಿಗ್ಗೆಯದು ಹೇಗೋ ನಡೆಯುತ್ತದೆ. ಐದಕ್ಕೆ ಎದ್ದು ಸಗಣಿ ಬಾಚಿ, ಬೂಸಾ ಹಿಂಡಿ ಕಲಸಿಟ್ಟು, ನಾನು ಎರಡು ಹಸು, ಯಜಮಾನರು ಎರಡು ಹಸು ಕರೆಯುತ್ತೇವೆ. ಡೈರಿ ಮುಚ್ಚುವ ಮೊದಲು ಹಾಲು ಹಾಕಿ ಬಂದರೆ ಆಯಿತು. ಸಂಜೆಯದೇ ಕಷ್ಟ. ಶಾಲೆ ಬಿಟ್ಟ ಮೇಲೂ ಮೀಟಿಂಗ್, ತರಬೇತಿ, ಚುನಾವಣೆ ಡ್ಯೂಟಿ ಅಂತ ಏನಾದರೂ ಇದ್ದೇ ಇರುತ್ತದೆ. ಹಸು ಕಾಯುವುದಿಲ್ಲ. ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುವುದಕ್ಕೆ ದಾರಿ. ಮೊದಲ ಎರಡು ವರ್ಷ ಮನೆಯಲ್ಲಿ ಇದೇ ಜಗಳ, ಬಹಳ ಅತ್ತಿದ್ದೇನೆ. ಕೊನೆಗೆ ಅತ್ತೆಯೇ, "ಸಂಜೆದು ನಾನೂ ನನ್ ಮಗನೂ ನೋಡ್ಕೋತೀವಿ, ನೀನು ಮಕ್ಕಳನ್ನ ನೋಡ್ಕೊ" ಅಂದರು. ಆ ಮಾತು ಅವರು ಆಡದೇ ಇದ್ದಿದ್ದರೆ ನಾನು ಕೆಲಸ ಬಿಡುತ್ತಿದ್ದೆ.

ಒಮ್ಮೆ ಕರು ಹಾಕಿದ ಮಾರನೇ ದಿನ ನಮ್ಮ ಹಸು ನೆಲ ಹಿಡಿಯಿತು. ಕತ್ತು ಹೊಟ್ಟೆಯ ಕಡೆ ತಿರುಗಿತ್ತು, ಕಿವಿ ತಣ್ಣಗಿತ್ತು. ಹಾಲು ಜ್ವರ. ಹೆಸರಿಗೆ ಜ್ವರ, ಮೈ ಬಿಸಿ ಇರುವುದಿಲ್ಲ. ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹೋಗಿ ರಕ್ತದಲ್ಲಿ ಕಡಿಮೆಯಾಗಿರುತ್ತದೆ. ಡಾಕ್ಟರ್ ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದ ಮೇಲೆ ಎದ್ದು ನಿಂತಿತು. ಅವತ್ತು ನಾನು ರಜೆ ಹಾಕಿದ್ದೆ. ನಮ್ಮದು ಇಬ್ಬರೇ ಟೀಚರ್ ಇರುವ ಶಾಲೆ. ನನ್ನ ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರನ್ನೂ ಸೇರಿಸಿ ಐದೂ ತರಗತಿಯನ್ನು ಇನ್ನೊಬ್ಬ ಮೇಡಂ ಒಬ್ಬರೇ ನೋಡಿಕೊಂಡರು. ಆ ಋಣ ನನಗೆ ಈಗಲೂ ನೆನಪಿದೆ.

ಕೊಟ್ಟಿಗೆ ನನಗೆ ಕೊಟ್ಟಿದ್ದೂ ಇದೆ. ಐದನೇ ತರಗತಿಗೆ ದಶಮಾಂಶ ಹೇಳಿಕೊಡಲು ಒದ್ದಾಡುತ್ತಿದ್ದೆ. ಒಂದು ದಿನ ಹಾಲಿನ ಫ್ಯಾಟು, ಅಂದರೆ ಕೊಬ್ಬಿನಂಶ, ಬರೆದಿರುವ ಡೈರಿ ಚೀಟಿ ತೆಗೆದುಕೊಂಡು ಹೋದೆ. "ಫ್ಯಾಟು 3.9 ಬಂದರೆ ದುಡ್ಡು ಜಾಸ್ತಿಯೋ, 4.1 ಬಂದರೆ ಜಾಸ್ತಿಯೋ?" ಇಡೀ ತರಗತಿ ಒಟ್ಟಿಗೆ ಕೂಗಿತು. ಹಾಲು ಹಾಕಿ ತಡವಾಗಿ ಬರುವ ಮಗುವನ್ನು ನಾನು ಬೈಯುವುದೂ ಇಲ್ಲ.

2013ರಲ್ಲಿ ಶಾಲೆ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದಾಗ ನೋಡಿದ್ದನ್ನೂ ಹೇಳಬೇಕು. ಪುಡಿಯಿಂದ ಮಾಡಿದ 150 ಮಿಲಿ ಹಾಲನ್ನು ಹಸು ಇರುವ ಮನೆಯ ಮಕ್ಕಳೂ ಆಸೆಯಿಂದ ಕುಡಿಯುತ್ತಿದ್ದರು. ಮನೆಯ ಹಾಲೆಲ್ಲ ಡೈರಿಗೆ ಹೋಗುತ್ತಿತ್ತು, ಕಾಫಿಗಷ್ಟೇ ಉಳಿಯುತ್ತಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಮಕ್ಕಳ ಪಾಲು ತೆಗೆದಿಟ್ಟ ಮೇಲೆಯೇ ಡೈರಿಗೆ ಹಾಲು.

ಒಪ್ಪುವ ಮೊದಲು ಆ ಮನೆಗೆ ಒಂದು ಸಲ ಸಂಜೆ ಐದೂವರೆಗೆ ಹೋಗಿ ಬನ್ನಿ. ಕೊಟ್ಟಿಗೆಯಲ್ಲಿ ಯಾರಿದ್ದಾರೆ ನೋಡಿ. ಹುಡುಗನೂ ಬಕೆಟ್ ಹಿಡಿದು ಕೂತಿದ್ದರೆ ಧೈರ್ಯವಾಗಿ ಹೂಂ ಅನ್ನಿ.