ಹಳೆಯ ಟರ್ಬೊ ಕಾರು ಕಪ್ಪು ಹೊಗೆ ಬಿಡುತ್ತಿದೆ, ಎಳೆಯುತ್ತಿಲ್ಲ. ದೊಡ್ಡ ಟರ್ಬೊ ಹಾಕಲೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ತೊಂಬತ್ತರ ದಶಕದ ಮಿತ್ಸುಬಿಶಿ ಕೊಂಡಿದ್ದೀರಿ, 4ಜಿ63 ಟರ್ಬೊ ಎಂಜಿನ್. ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಪ್ಪು ಹೊಗೆ ಬರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಟರ್ಬೊ ಹೋಗಿದೆ ಎಂದು ಯಾರೋ ಹೇಳಿದ್ದಾರೆ. ಹೇಗೂ ಬದಲಿಸಬೇಕಲ್ಲ, ದೊಡ್ಡದನ್ನೇ ಮನೆಯಲ್ಲಿ ಕೂರಿಸಿ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) ಏರಿಸಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ಟರ್ಬೊ ಕೊಳ್ಳಬೇಡಿ. ಇದೇ ಎಂಜಿನ್ನಿನ ಗಾಡಿಯನ್ನು ನಾನೂ ವರ್ಷಗಳಿಂದ ಇಟ್ಟುಕೊಂಡಿದ್ದೇನೆ, ಬಹುಪಾಲು ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನೀವು ಹೇಳಿದ ಮೂರೂ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ನನ್ನ ಮೊದಲ ಅನುಮಾನ ಗಾಳಿ ಸೋರಿಕೆಯ ಮೇಲೆ.

ಕಾರಣ ಹೇಳುತ್ತೇನೆ. ಈ ಎಂಜಿನ್ನಿನಲ್ಲಿ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವುದು ಏರ್ ಫಿಲ್ಟರ್ ಹತ್ತಿರ, ಟರ್ಬೊಗಿಂತ ಮೊದಲು. ಅಲ್ಲಿ ಎಣಿಸಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಅನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸುರಿಯುತ್ತದೆ. ಟರ್ಬೊ ದಾಟಿದ ಮೇಲೆ ಯಾವುದೋ ಹೋಸ್ ಬಿರುಕಿನಿಂದ ಆ ಗಾಳಿ ಹೊರಗೆ ಹೋದರೆ ಇಸಿಯುಗೆ ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಶಕ್ತಿ ಬರುವುದಿಲ್ಲ. ಐಡ್ಲಿಂಗ್‌ನಲ್ಲಿ ಇದರ ತದ್ವಿರುದ್ಧ. ಆಗ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ನಿರ್ವಾತ ಇರುತ್ತದೆ, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಆಚೆಗಿನ ಸಂದುಗಳಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ, ಆರ್‌ಪಿಎಂ ಅಲೆಯುತ್ತದೆ. ಟರ್ಬೊ ಸಂಪೂರ್ಣ ಚೆನ್ನಾಗಿದ್ದರೂ ಇದೆಲ್ಲ ಆಗುತ್ತದೆ.

ಸೋರಿಕೆ ಹುಡುಕುವ ಸಾಧನವನ್ನು ನೀವೇ ಮಾಡಿಕೊಳ್ಳಬಹುದು. ಟರ್ಬೊದ ಇನ್‌ಲೆಟ್ ಹೋಸ್‌ಗೆ ಸರಿಹೊಂದುವ ಅಳತೆಯ ಗಟ್ಟಿ ಮುಚ್ಚಳ ತೆಗೆದುಕೊಂಡು ಅದಕ್ಕೊಂದು ಟೈರ್ ವಾಲ್ವ್ ಕೂರಿಸಿ. ಏರ್‌ಫ್ಲೋ ಸೆನ್ಸರ್ ಬಿಚ್ಚಿಟ್ಟು, ಮುಚ್ಚಳವನ್ನು ಹೋಸ್ ಬಾಯಿಗೆ ಹಾಕಿ ಕ್ಲಾಂಪ್ ಬಿಗಿಯಿರಿ. ಎಂಜಿನ್ ಆಫ್ ಆಗಿರಲಿ. ಗೇಜ್ ಇರುವ ಪಂಪಿನಿಂದ ಮೊದಲು 5 ಪಿಎಸ್‌ಐ ಮಾತ್ರ ತುಂಬಿ, ಆಮೇಲೆ ನಿಧಾನವಾಗಿ 15ಕ್ಕೆ ಏರಿಸಿ. ಮುಚ್ಚಳದ ಎದುರಿಗೆ ಮುಖ ಇಡಬೇಡಿ, ಜಾರಿದರೆ ಅದು ಗುಂಡಿನಂತೆ ಹಾರುತ್ತದೆ.

ಈಗ ಕಿವಿಗೊಟ್ಟು ಕೇಳಿ. ದೊಡ್ಡ ಸೋರಿಕೆ ಬುಸ್ ಎನ್ನುತ್ತದೆ, ಸಣ್ಣದಕ್ಕೆ ಸೋಪಿನ ನೀರು ಬೇಕು. ಇಂಟರ್‌ಕೂಲರ್ (ಟರ್ಬೊ ಬಿಡುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಪೈಪಿನ ಜೋಡಣೆಗಳು, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಒತ್ತಡ ಹೊರಬಿಡುವ ಬ್ಲೋ-ಆಫ್ ವಾಲ್ವ್, ಥ್ರಾಟಲ್ ಶಾಫ್ಟಿನ ಎರಡು ತುದಿ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಕೂರುವ ಜಾಗ, ಎಲ್ಲ ಕಡೆ ಹಚ್ಚುತ್ತ ಹೋಗಿ. ಇಂಜೆಕ್ಟರ್ ಬುಡದ ರಬ್ಬರ್ ರಿಂಗ್ ಇಷ್ಟು ವರ್ಷಗಳ ಶಾಖಕ್ಕೆ ಪ್ಲಾಸ್ಟಿಕ್ಕಿನಂತೆ ಗಡುಸಾಗಿರುತ್ತದೆ. ಅಲ್ಲಿ ಏಳುವ ಗುಳ್ಳೆಗಳು ಸಾಸಿವೆಗಿಂತ ಸಣ್ಣವು, ಒಂದಕ್ಕೊಂದು ಅಂಟಿಕೊಂಡು ಬಿಳಿ ನೊರೆಯಾಗಿ ನಿಧಾನವಾಗಿ ಉಬ್ಬುತ್ತವೆ. ಟಾರ್ಚ್ ಹಿಡಿದು ಒಂದು ನಿಮಿಷವಾದರೂ ಕಾಯದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಆಯಿಲ್ ಹಾಕುವ ಮುಚ್ಚಳವನ್ನೂ ತೆರೆದು ಕೇಳಿ. ಅಲ್ಲಿ ಗಾಳಿ ಜೋರಾಗಿ ಬರುತ್ತಿದ್ದರೆ ಪಿಸಿವಿ ವಾಲ್ವ್ (ಎಂಜಿನ್ನಿನ ಕೆಳಭಾಗದ ಆಯಿಲ್ ಇರುವ ಕ್ರ್ಯಾಂಕ್‌ಕೇಸ್‌ನ ಅನಿಲವನ್ನು ಇನ್‌ಟೇಕ್‌ಗೆ ಬಿಡುವ ಏಕಮುಖ ವಾಲ್ವ್) ಮೊದಲು ಬದಲಿಸಿ. ಅದು ಅಗ್ಗದ ಭಾಗ, ಆದರೆ ಕೆಟ್ಟರೆ ಬೂಸ್ಟ್ ಎಲ್ಲ ಕ್ರ್ಯಾಂಕ್‌ಕೇಸ್‌ಗೆ ಇಳಿದು ಆಯಿಲ್ ಸೀಲುಗಳನ್ನು ಹೊರದಬ್ಬುತ್ತದೆ.

ಇದರ ಜೊತೆಗೇ ಕಂಪ್ರೆಶನ್ ಟೆಸ್ಟ್ ಮಾಡಿಬಿಡಿ. ಎಂಜಿನ್ ಬಿಸಿಯಿರಲಿ, ನಾಲ್ಕೂ ಪ್ಲಗ್ ಬಿಚ್ಚಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ಪೆಟ್ರೋಲ್ ಮತ್ತು ಇಗ್ನಿಶನ್ ಬಂದ್ ಆಗಿರಲಿ. ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರೊಳಗೆ ಇದ್ದರೆ ನೆಮ್ಮದಿ. ಒಂದರಲ್ಲಿ ಕಡಿಮೆ ಬಂದರೆ ಆ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ಹೆಚ್ಚಾಗಿ ವಾಲ್ವ್. ಹಾಗೇನಾದರೂ ಇದ್ದರೆ ಬೂಸ್ಟಿನ ಮಾತೇ ಬೇಡ, ಮೊದಲು ಎಂಜಿನ್ ಕೆಲಸ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂಬ ದಾಖಲೆ ಸಿಗದಿದ್ದರೆ, ಬದಲಾಗಿಲ್ಲ ಎಂದೇ ತಿಳಿಯಿರಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಪಕ್ಕದಲ್ಲೇ ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಚಿಕ್ಕ ಬೆಲ್ಟ್ ಇದೆ, ಅದು ಕಿತ್ತು ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡು ಎಂಜಿನ್ ಹಾಳಾಗುವುದುಂಟು. ಎರಡನ್ನೂ ಟೆನ್ಶನರ್ ಸಮೇತ ಒಟ್ಟಿಗೆ ಹಾಕಿ. 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ಟಾಮಿ ಮ್ಯಾಕಿನೆನ್ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇದೇ 4ಜಿ63 ಇದ್ದ ಲ್ಯಾನ್ಸರ್‌ನಲ್ಲಿ. ಅಂಥ ಗಟ್ಟಿ ಎಂಜಿನ್ ಒಂದು ರಬ್ಬರ್ ಬೆಲ್ಟಿನಿಂದ ಸಾಯಬಾರದು.

ಟರ್ಬೊ ನಿಜಕ್ಕೂ ಹೋಗಿದೆಯೇ ಎಂದು ನೋಡಲು ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ ಹೋಸ್ ತೆಗೆದು ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಚೂರು ಆಟ ಇರುವುದು ಸಹಜ, ಆ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು. ಹಿಂದೆಮುಂದೆ ಆಟ ಕೈಗೆ ಸಿಗುತ್ತಿದ್ದರೆ, ಅಥವಾ ಚಕ್ರದ ಅಂಚು ಹೌಸಿಂಗಿಗೆ ಉಜ್ಜಿದ ಗುರುತಿದ್ದರೆ ಮಾತ್ರ ಚಿಂತಿಸಿ. ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ಕಂಡ ತಕ್ಷಣ ಟರ್ಬೊವನ್ನೇ ದೂರಬೇಡಿ. ಪಿಸಿವಿ ಕೆಟ್ಟರೂ, ಟರ್ಬೊದಿಂದ ಕೆಳಗಿಳಿಯುವ ಆಯಿಲ್ ಡ್ರೈನ್ ಪೈಪ್ ಕಟ್ಟಿಕೊಂಡರೂ ಹೀಗೇ ಆಗುತ್ತದೆ.

ಇಷ್ಟು ಸರಿಯಾದ ಮೇಲೆ ಗಾಡಿ ಓಡಿಸಿ ನೋಡಿ. ಕಂಪನಿ ಕೊಟ್ಟಿದ್ದ ಎಳೆತವನ್ನೇ ನೀವಿನ್ನೂ ನೋಡಿಲ್ಲ.

ಬೂಸ್ಟ್ ಏರಿಸುವುದು ತುಂಬ ಸುಲಭ, ಬೂಸ್ಟ್ ಮಿತಿ ಮೀರದಂತೆ ತೆರೆದುಕೊಳ್ಳುವ ಟರ್ಬೊದ ಕಿಂಡಿಯಾದ ವೇಸ್ಟ್‌ಗೇಟ್ ಹೋಸಿಗೆ ಒಂದು ಸಣ್ಣ ಕಂಟ್ರೋಲರ್ ಹಾಕಿ ಸ್ಕ್ರೂ ತಿರುಗಿಸಿದರೆ ಮುಗಿಯಿತು. ನನಗೆ ಭಯವಿರುವುದು ಆ ಸುಲಭದ ಬಗ್ಗೆಯೇ. 30 ಡಿಗ್ರಿಯ ಗಾಳಿಯನ್ನು 1 ಬಾರ್ ಬೂಸ್ಟಿಗೆ ಒತ್ತಿದರೆ ಟರ್ಬೊದಿಂದ ಹೊರಬರುವಾಗ ಅದು ಸುಮಾರು 120 ಡಿಗ್ರಿ ಆಗಿರುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸದಿದ್ದರೆ, ಅಥವಾ ಪೆಟ್ರೋಲ್ ಸಾಲದಿದ್ದರೆ, ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಜೋರು ಬೂಸ್ಟಿನಲ್ಲಿ ಅದು ನಿಮ್ಮ ಕಿವಿಗೆ ಕೇಳಿಸುವ ಮೊದಲೇ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿದಿರಬಹುದು. ಹಾಗಾಗಿ ಶಕ್ತಿ ಹೆಚ್ಚಿಸುವ ಭಾಗಕ್ಕಿಂತ ಮೊದಲು ಅಳತೆಯ ಸಾಧನಕ್ಕೆ ಹಣ ಹಾಕಿ: ಒಳ್ಳೆಯ ಬೂಸ್ಟ್ ಗೇಜ್, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಗಾಳಿ-ಇಂಧನ ಅನುಪಾತ ತೋರಿಸುವಂಥದ್ದು), ಇಸಿಯು ನಾಕಿಂಗ್ ದಾಖಲಿಸುವುದನ್ನು ಓದುವ ವ್ಯವಸ್ಥೆ. ಪೂರ್ತಿ ಬೂಸ್ಟಿನಲ್ಲಿ ಪೆಟ್ರೋಲ್ ಗಾಡಿಗೆ ಗಾಳಿ-ಇಂಧನ ಅನುಪಾತ 11ರಿಂದ 12ರ ಒಳಗಿರಬೇಕು. ಅಗಲವಾದ ಸೈಲೆನ್ಸರ್ ಪೈಪ್ ಹಾಕಿದರೂ ವೇಸ್ಟ್‌ಗೇಟ್ ಸಾಲದೆ ಬೂಸ್ಟ್ ತಾನಾಗಿ ಏರಬಹುದು, ಗೇಜ್ ಮೇಲೆ ಕಣ್ಣಿರಲಿ.

ದೊಡ್ಡ ಟರ್ಬೊ ಒಂಟಿಯಾಗಿ ಬರುವುದಿಲ್ಲ. ಇಂಜೆಕ್ಟರ್ ತನ್ನ ಸಾಮರ್ಥ್ಯದ ಶೇ. 85 ದಾಟಿದರೆ ಬದಲಿಸಬೇಕು, ಅದರ ಹಿಂದೆ ಪೆಟ್ರೋಲ್ ಪಂಪ್, ಕ್ಲಚ್, ಬ್ರೇಕ್, ಹೊಸ ಟ್ಯೂನ್ (ಇಸಿಯುವಿನ ಲೆಕ್ಕಗಳ ಹೊಂದಾಣಿಕೆ) ಎಲ್ಲ ಬರುತ್ತವೆ. ಅಷ್ಟಕ್ಕೂ ಸಿದ್ಧರಿದ್ದರೆ ಕೂರಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಮ್ಯಾನಿಫೋಲ್ಡ್ ಸ್ಟಡ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಆಯಿಲ್ ಪೈಪಿನ ಜೋಡಣೆಗೆ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ, ಅದರ ಒಂದು ಚೂರು ಒಳಗೆ ಹೋದರೆ ಹೊಸ ಟರ್ಬೊ ಆಯಿಲ್ ಇಲ್ಲದೆ ಸುಡುತ್ತದೆ. ಮೊದಲ ಬಾರಿ ಇಗ್ನಿಶನ್ ಬಂದ್ ಮಾಡಿ, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರ್ ಮಾತ್ರ ತಿರುಗಿಸಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಎಂದೂ ಹೋಗಬೇಡಿ, ಆಕ್ಸಲ್ ಸ್ಟ್ಯಾಂಡ್ ಬೇಕೇ ಬೇಕು.

ಟ್ಯೂನಿಂಗ್ ಒಂದನ್ನು ಮಾತ್ರ ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಇರುವ, ಈ ಎಂಜಿನ್ ಬಲ್ಲವರ ಕೈಗೆ ಕೊಡಿ. ಗಾಡಿ ಬಿಡುವಾಗ ಕಂಪ್ರೆಶನ್ ಅಂಕಿಗಳನ್ನೂ ಸೋರಿಕೆ ಪರೀಕ್ಷೆಯ ಫಲಿತಾಂಶವನ್ನೂ ಬರೆದು ಕೊಡಿ. ಒಳ್ಳೆಯ ಟ್ಯೂನರ್ ಮೊದಲು ಕೇಳುವುದೇ ಅವನ್ನು.