ಪಿಟುಪಿ ಕ್ರಿಪ್ಟೊ ವ್ಯವಹಾರದಿಂದ ರೂಮಿನ ಬಾಡಿಗೆ ಹುಟ್ಟುತ್ತದೆಯೇ?

ನೀವು ಕೇಳಿರುವುದು ಇಷ್ಟು. ಊರು ಹಾವೇರಿ ಜಿಲ್ಲೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೀರಿ. ಕೈಯಲ್ಲಿ ₹50,000 ಇದೆ. ಪಿಟುಪಿಯಲ್ಲಿ (ವ್ಯಕ್ತಿಯಿಂದ ವ್ಯಕ್ತಿಗೆ ನೇರ ವ್ಯವಹಾರದಲ್ಲಿ) ಯುಎಸ್‌ಡಿಟಿ ಎಂಬ ಕ್ರಿಪ್ಟೊ ಕೊಂಡು ಮಾರುತ್ತಾ ಹೋದರೆ ಬಾಡಿಗೆ ಮತ್ತು ಮೆಸ್ಸಿನ ಖರ್ಚು ಹೊರಡುತ್ತದೆಯೇ, ಅಪಾಯ ಎಷ್ಟು ಎಂಬುದು ಮೊದಲ ಪ್ರಶ್ನೆ. ಟೆಲಿಗ್ರಾಂನಲ್ಲಿ ಪರಿಚಯವಾದವರೊಬ್ಬರು "ಬಂಡವಾಳವೇ ಬೇಡ, ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ, ಶೇ 2 ಕಮಿಷನ್ ಕೊಡುತ್ತೇವೆ" ಎಂದಿದ್ದಾರೆ, ಒಪ್ಪಬಹುದೇ ಎಂಬುದು ಎರಡನೆಯದು.

ಎರಡನೆಯದಕ್ಕೆ ಉತ್ತರ ಒಂದೇ ಮಾತಿನದು: ಒಪ್ಪಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲನೆಯದಕ್ಕೆ ಲೆಕ್ಕ ಹಾಕಿಯೇ ಉತ್ತರಿಸಬೇಕು. ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಅಂಗಡಿಕಾರರ, ನೌಕರರ ರಿಟರ್ನ್ ತುಂಬುವಾಗ ಕೆಲವು ವರ್ಷಗಳಿಂದ ಕ್ರಿಪ್ಟೊ ವ್ಯವಹಾರದ ಪಟ್ಟಿಗಳೂ ನನ್ನ ಮೇಜಿಗೆ ಬರುತ್ತಿವೆ. ಆ ಪಟ್ಟಿಗಳಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಯುಎಸ್‌ಡಿಟಿ ಎಂಬುದು ಟೆದರ್ ಸಂಸ್ಥೆ ಹೊರಡಿಸುವ, ಬೆಲೆ ಒಂದು ಡಾಲರಿನ ಆಸುಪಾಸಿನಲ್ಲೇ ಇರುವಂತೆ ನೋಡಿಕೊಳ್ಳುವ ಟೋಕನ್. ಪಿಟುಪಿಯಲ್ಲಿ ಅದನ್ನು ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ನೇರವಾಗಿ ಮಾರುತ್ತಾನೆ. ರೂಪಾಯಿ ಮಾತ್ರ ಯುಪಿಐ ಅಥವಾ ಐಎಂಪಿಎಸ್ ಮೂಲಕ ಖಾತೆಯಿಂದ ಖಾತೆಗೆ ಹೋಗುತ್ತದೆ. ನಡುವಿನ ವೇದಿಕೆ, ಅಂದರೆ ಈ ವ್ಯವಹಾರ ನಡೆಸಿಕೊಡುವ ಆ್ಯಪ್, ಮಾಡುವ ಕೆಲಸ ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಯದನ್ನು ಹೋಲುತ್ತದೆ: ಮಾರುವವನ ಮಾಲನ್ನು ತನ್ನ ವಶದಲ್ಲಿ ಇಟ್ಟುಕೊಂಡು, ಹಣ ಮುಟ್ಟಿತು ಎಂದು ಅವನು ಹೇಳಿದ ಮೇಲೆ ಕೊಂಡವನಿಗೆ ಬಿಡುತ್ತದೆ. ಇದಕ್ಕೆ ಎಸ್ಕ್ರೋ ಎನ್ನುತ್ತಾರೆ. ಭಾರತದಲ್ಲಿ ಈ ಪದ್ಧತಿ ಬೇರೂರಿದ್ದಕ್ಕೆ ಒಂದು ಹಿನ್ನೆಲೆಯೂ ಇದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಿಂದ ಕ್ರಿಪ್ಟೊ ವಿನಿಮಯ ಕೇಂದ್ರಗಳಿಗೆ ಬ್ಯಾಂಕ್ ಸೇವೆ ನಿಂತುಹೋಯಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡುವವರೆಗೆ ಜನರಿಗೆ ಉಳಿದ ದಾರಿಗಳಲ್ಲಿ ಪಿಟುಪಿಯೇ ಮುಖ್ಯವಾಗಿತ್ತು. ಸುತ್ತೋಲೆ ಹೋದರೂ ಅಭ್ಯಾಸ ಉಳಿಯಿತು.

ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರವೇ ಲಾಭ. ಒಂದು ಯುಎಸ್‌ಡಿಟಿಗೆ ಸಿಗುವುದು ಕೆಲವು ಸಲ ಪೈಸೆಗಳ ಅಂತರ, ಕೆಲವು ಸಲ ರೂಪಾಯಿ. ನಿಮ್ಮ ₹50,000ಕ್ಕೆ ಲೆಕ್ಕ ಹಾಕೋಣ. ಒಂದು ಸುತ್ತಿನಲ್ಲಿ, ಅಂದರೆ ಒಮ್ಮೆ ಕೊಂಡು ಮಾರಿದ್ದರಲ್ಲಿ, ಶೇ 0.8 ಸಿಕ್ಕಿತು ಎಂದುಕೊಳ್ಳಿ. ಮಾರಿದ ಮೊತ್ತ ₹50,400, ಲಾಭ ₹400. ಆದರೆ 2022ರ ಜುಲೈ 1ರಿಂದ ಕ್ರಿಪ್ಟೊ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್, ಅಂದರೆ ಹಣ ಕೈಸೇರುವ ಮೊದಲೇ ಕಡಿಯುವ ತೆರಿಗೆ, ಇದೆ. ಗಮನಿಸಿ, ಇದು ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. ₹504 ಅಲ್ಲಿಯೇ ಕಡಿತವಾಗಿ ನಿಮ್ಮ ಖಾತೆಗೆ ಬರುವುದು ₹49,896. ಲಾಭದ ವ್ಯಾಪಾರ ಮಾಡಿದ ಮೇಲೂ ಕೈಯಲ್ಲಿರುವುದು ಹಾಕಿದ್ದಕ್ಕಿಂತ ₹104 ಕಡಿಮೆ.

ಆ ಹಣ ಮುಳುಗಿಹೋಗುವುದಿಲ್ಲ, ನಿಜ. ₹400ರ ಮೇಲೆ ಶೇ 30 ತೆರಿಗೆ ₹120, ಅದರ ಮೇಲೆ ಶೇ 4 ಸೆಸ್ ಸೇರಿ ₹124.80. ಕಡಿದ ₹504ರಲ್ಲಿ ಉಳಿದ ₹379.20 ಮರುಪಾವತಿಯಾಗುತ್ತದೆ, ಆದರೆ ಹಣಕಾಸು ವರ್ಷ ಮುಗಿದು ರಿಟರ್ನ್ ಸಲ್ಲಿಸಿದ ಮೇಲೆ. ತಿಂಗಳಿಗೆ ಇಂತಹ 20 ಸುತ್ತು ಮಾಡಿದರೆ ಕಾಗದದ ಮೇಲಿನ ಲಾಭ ₹8,000, ತೆರಿಗೆ ಕಳೆದು ₹5,504. ಕೈಯಲ್ಲಿ? ₹2,080 ಕೊರತೆ. ಸುತ್ತು ಹೆಚ್ಚಿದಷ್ಟೂ ನಿಮ್ಮ ಅಸಲು ಸರ್ಕಾರದ ಖಜಾನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾ ಹೋಗುತ್ತದೆ. ದೊಡ್ಡ ಬಂಡವಾಳದವನು ಇದನ್ನು ತಾಳಿಕೊಂಡಾನು. ತಿಂಗಳ ಮೊದಲ ವಾರ ರೂಮಿನ ಮಾಲೀಕರಿಗೆ ನಗದು ಕೊಡಬೇಕಾದ ನಿಮಗೆ ಇದು ಒದಗಿ ಬರುವ ಆದಾಯವಲ್ಲ.

ನಷ್ಟದ ಲೆಕ್ಕ ಇನ್ನೂ ಕಠಿಣ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಒಂದರಲ್ಲಿ ₹2,000 ಬಂತು, ಮತ್ತೊಂದರಲ್ಲಿ ₹2,000 ಹೋಯಿತು ಎಂದಾದರೆ ನಿಮ್ಮ ನಿಜವಾದ ಗಳಿಕೆ ಸೊನ್ನೆ; ತೆರಿಗೆ ಮಾತ್ರ ₹624. ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯಲು ಬರುವುದಿಲ್ಲ. ಬೇರೆ ಆದಾಯವಿಲ್ಲದ ವಿದ್ಯಾರ್ಥಿಗೆ ಮೂಲ ವಿನಾಯಿತಿ ಮಿತಿಯ (ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂಬುದರ) ಆಸರೆಯೂ ಇಲ್ಲಿ ಇಲ್ಲ.

"ಟಿಡಿಎಸ್ ಕಡಿಯದ ವೇದಿಕೆಗೆ ಹೋಗಿ" ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ವೇದಿಕೆ ಕಡಿಯದಿದ್ದರೆ ಹೊಣೆ ಮಾಯವಾಗುವುದಿಲ್ಲ, ಕೊಳ್ಳುವವನ ತಲೆಗೆ ಬರುತ್ತದೆ. ವರ್ಷದ ಮೊತ್ತ ನಿಗದಿತ ಮಿತಿ ದಾಟಿದರೆ, ಅಂದರೆ ಸಾಮಾನ್ಯ ವ್ಯಕ್ತಿಗೆ ₹50,000, ಮಾರುವವನ ಪ್ಯಾನ್ ಪಡೆದು ಶೇ 1 ಕಡಿದು ಕಟ್ಟುವ ಕರ್ತವ್ಯ ಕೊಳ್ಳುವವನದು. ನೀವು ಪ್ರತಿ ಸುತ್ತಿನಲ್ಲೂ ಒಮ್ಮೆ ಕೊಳ್ಳುವವರೇ ಆಗಿರುತ್ತೀರಿ. ಗುರುತು ಪರಿಚಯವಿಲ್ಲದವನು ನಿಮಗೆ ಪ್ಯಾನ್ ಕೊಡುವುದಿಲ್ಲ, ನೀವು ಕಡಿಯುವುದಿಲ್ಲ, ಬಾಕಿ ನಿಮ್ಮ ಹೆಸರಿನಲ್ಲೇ ಬೆಳೆಯುತ್ತದೆ.

ಇಷ್ಟಾದರೂ ತೆರಿಗೆಯನ್ನು ನಾನು ಅಪಾಯ ಎಂದು ಕರೆಯುವುದಿಲ್ಲ. ಅದು ಮೊದಲೇ ಗೊತ್ತಿರುವ ಖರ್ಚು. ಬೆಲೆಯ ಏರಿಳಿತವೂ ಯುಎಸ್‌ಡಿಟಿಯ ಮಟ್ಟಿಗೆ ಅಷ್ಟು ದೊಡ್ಡದಲ್ಲ. ತಪ್ಪು ನೆಟ್‌ವರ್ಕಿಗೆ (ಕ್ರಿಪ್ಟೊ ಸಾಗುವ ಜಾಲಕ್ಕೆ) ಕಳುಹಿಸಿ ಕಳೆದುಕೊಳ್ಳುವುದು, ಅದೇ ಹೆಸರಿನ ನಕಲಿ ಟೋಕನ್ ಪಡೆಯುವುದು, ವೇದಿಕೆಯೇ ಹ್ಯಾಕ್ ಆಗುವುದು ಇವೆಲ್ಲ ಇವೆ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾದಾಗ ಅದರ ಬಳಕೆದಾರರು ತಮ್ಮ ಹಣ ತೆಗೆಯಲಾಗದೆ ತಿಂಗಳುಗಟ್ಟಲೆ ಕಾದರು. ಆದರೆ ಪಿಟುಪಿಗೇ ವಿಶಿಷ್ಟವಾದ ಅಪಾಯ ಬೇರೆ. ನೀವು ಬಿಟ್ಟುಕೊಟ್ಟ ಕ್ರಿಪ್ಟೊವನ್ನು ಹಿಂದಕ್ಕೆ ತರಲು ಯಾರಿಂದಲೂ ಆಗದು. ನಿಮಗೆ ಬಂದ ರೂಪಾಯಿಯನ್ನು ವಾರಗಳ ನಂತರವೂ ತಡೆಹಿಡಿಯಬಹುದು. ಈ ಅಸಮಾನತೆಯನ್ನು ವಂಚಕರು ಚೆನ್ನಾಗಿ ಬಲ್ಲರು.

ಗದಗ-ಬೆಟಗೇರಿಯ ಒಬ್ಬ ತರುಣ ವ್ಯಾಪಾರಿಯ ಸಂಗತಿ ಹೇಳುತ್ತೇನೆ. ಮನೆತನದ ಬಟ್ಟೆ ಅಂಗಡಿ. ಅಂಗಡಿಯ ಕ್ಯೂಆರ್ ಕೋಡಿಗೆ ಜೋಡಿಸಿದ್ದ ಖಾತೆಯನ್ನೇ ಪಿಟುಪಿಗೂ ಬಳಸುತ್ತಿದ್ದರು. ಒಂದು ದಿನ ₹24,000ದ ಯುಎಸ್‌ಡಿಟಿ ಮಾರಿದರು. ವೇದಿಕೆಯಲ್ಲಿ ಕೊಳ್ಳುವವನ ಹೆಸರು ಪುರುಷನದು, ಹಣ ಬಂದದ್ದು ಹೊರರಾಜ್ಯದ ಒಬ್ಬ ಮಹಿಳೆಯ ಖಾತೆಯಿಂದ. ಚಾಟ್‌ನಲ್ಲಿ ಕೇಳಿದ್ದಕ್ಕೆ "ನಮ್ಮ ಅಕ್ಕನ ಖಾತೆ" ಎಂಬ ಉತ್ತರ ಬಂತು. ಹಣವಂತೂ ಜಮೆಯಾಗಿತ್ತು, ಇವರು ಕ್ರಿಪ್ಟೊ ಬಿಟ್ಟುಕೊಟ್ಟರು. ದೀಪಾವಳಿಯ ಮಾಲು ತರಿಸುವ ಹೊತ್ತಿಗೆ ಖಾತೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗದಾಯಿತು. ಗ್ರಾಹಕರು ಸ್ಕ್ಯಾನ್ ಮಾಡಿದರೆ ಹಣ ಒಳಗೆ ಬರುತ್ತಿತ್ತು, ಸಗಟು ವ್ಯಾಪಾರಿಗೆ ಕಳುಹಿಸಲು ಹೋದರೆ ಆಗುತ್ತಿರಲಿಲ್ಲ. ಬ್ಯಾಂಕಿನವರು ಕೊಟ್ಟ ಹಾಳೆಯನ್ನು ಅವರು ನನ್ನ ಮುಂದೆ ಇಟ್ಟರು: ಸೈಬರ್ ದೂರಿನ ಸಂಖ್ಯೆ, ಬೇರೊಂದು ರಾಜ್ಯದ ಠಾಣೆ, ವಿವಾದಿತ ಮೊತ್ತ ₹24,000. ದೂರು ಕೊಟ್ಟವರು ಆ "ಅಕ್ಕ"ನೇ. ವಂಚಕರು ಆಕೆಗೆ ಕರೆ ಮಾಡಿ ಹೆದರಿಸಿ, ಈ ವ್ಯಾಪಾರಿಯ ಯುಪಿಐ ಐಡಿಗೆ ನೇರವಾಗಿ ಹಣ ಹಾಕಿಸಿದ್ದರು. ಹಣ ಕಳೆದುಕೊಂಡವರು ಆಕೆ, ಪಡೆದವರು ಇವರು, ಕ್ರಿಪ್ಟೊ ಹೊತ್ತು ಮಾಯವಾದವನು ಮೂರನೆಯವನು.

ಇಲ್ಲಿ ಆ ಮಹಿಳೆಯ ತಪ್ಪೂ ಇಲ್ಲ, ಪೊಲೀಸರ ಅವಸರವೂ ಇಲ್ಲ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕೂಡಲೇ ಹಣ ಹರಿದ ಖಾತೆಗಳನ್ನು ಒಂದೊಂದಾಗಿ ಹಿಂಬಾಲಿಸಿ ತಡೆಯುವ ವ್ಯವಸ್ಥೆ ಅದು, ಅನೇಕರ ಹಣವನ್ನು ಉಳಿಸುವ ವ್ಯವಸ್ಥೆ. ಆ ಸರಪಳಿಯಲ್ಲಿ ನಿಮ್ಮ ಖಾತೆಯೂ ಒಂದು ಕೊಂಡಿಯಾಗಿ ಕಾಣಿಸುತ್ತದೆ ಎಂಬುದೇ ತೊಡಕು. ಹಾಗಾಗಿ ಜಾಹೀರಾತಿನಲ್ಲಿ ಎಲ್ಲರಿಗಿಂತ ಎರಡು ರೂಪಾಯಿ ಹೆಚ್ಚು ಕೊಡುವವನು ಸಿಕ್ಕಾಗ ಸಂತೋಷಪಡುವ ಮೊದಲು, ಅವನು ಏಕೆ ಹೆಚ್ಚು ಕೊಡುತ್ತಿದ್ದಾನೆ ಎಂದು ಕೇಳಿಕೊಳ್ಳಿ. ತನ್ನ ದುಡಿಮೆಯ ಹಣ ಕೊಡುವವನು ಚೌಕಾಸಿ ಮಾಡುತ್ತಾನೆ. ಕದ್ದ ಹಣವನ್ನು ಬೇಗ ದಾಟಿಸಬೇಕಾದವನಿಗೆ ದರದ ಚಿಂತೆ ಇರುವುದಿಲ್ಲ.

ಈಗ ನಿಮ್ಮ ಟೆಲಿಗ್ರಾಂ ಪರಿಚಯದವರ ಮಾತಿಗೆ ಬರುತ್ತೇನೆ. ಮೇಲಿನ ವ್ಯಾಪಾರಿಯ ಬಳಿ ಕನಿಷ್ಠ ಆರ್ಡರ್ ಸಂಖ್ಯೆ ಇತ್ತು, ಚಾಟ್ ಇತ್ತು, ತಾನು ಮಾಲು ಕೊಟ್ಟಿದ್ದೇನೆ ಎನ್ನಲು ದಾಖಲೆ ಇತ್ತು. ಖಾತೆಯನ್ನೇ ಬಾಡಿಗೆಗೆ ಕೊಟ್ಟ ನಿಮ್ಮ ಬಳಿ ಏನಿರುತ್ತದೆ? ಎಟಿಎಂ ಕಾರ್ಡು, ಸಿಮ್, ಪಾಸ್‌ವರ್ಡು ಅವರ ಕೈಯಲ್ಲಿ. ಹೆಸರು, ಆಧಾರ್, ಫೋಟೊ ನಿಮ್ಮದು. ವಂಚನೆಯ ಹಣ ಮೊದಲು ಬಂದು ಬೀಳುವುದೇ ಇಂತಹ ಖಾತೆಗಳಿಗೆ. ತನಿಖೆ ಮೊದಲು ಮುಟ್ಟುವುದು ಖಾತೆದಾರನ ಮನೆ ಬಾಗಿಲನ್ನು. ನೀವು ಓದುತ್ತಿರುವುದು ಸರ್ಕಾರಿ ಹುದ್ದೆಗೆ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆ ಪೊಲೀಸ್ ಪರಿಶೀಲನೆ ಇರುತ್ತದೆ. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ್ದು ಆ ಒಂದು ಪ್ರಕರಣದ ಮುಂದೆ ನಿಂತುಹೋಗುವುದನ್ನು ನಿಮ್ಮ ತಂದೆ ತಾಯಿ ನೋಡಬಾರದು. ಆ ವ್ಯಕ್ತಿಗೆ ನಿಮ್ಮ ಖಾತೆಯ ವಿವರ ಈಗಾಗಲೇ ಹೋಗಿದ್ದರೆ ಇಂದೇ ಬ್ಯಾಂಕಿಗೆ ಹೋಗಿ ಕಾರ್ಡು ಮತ್ತು ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಸಪ್ತಾಪುರದಲ್ಲಿ ನಿಮ್ಮ ಜೊತೆ ಓದುವವರಿಗೂ ಇದನ್ನು ಹೇಳಿ. ಹಣದ ಅಡಚಣೆಯಲ್ಲಿರುವ ಹುಡುಗರನ್ನೇ ಇವರು ಹುಡುಕುತ್ತಾರೆ.

ಇಷ್ಟು ಓದಿಯೂ ಪಿಟುಪಿ ಮಾಡಿಯೇ ನೋಡುತ್ತೇನೆ ಎನ್ನುವುದಾದರೆ, ಅದು ಕಾನೂನುಬಾಹಿರವಲ್ಲ, ಮಾಡಬಹುದು. ಬಂಡವಾಳ ಕಡಿಮೆ ಇರಲಿ, ಹೋದರೂ ಓದು ನಿಲ್ಲಬಾರದು. 2023ರ ಮಾರ್ಚ್‌ನಿಂದ ಕ್ರಿಪ್ಟೊ ಸೇವೆ ಕೊಡುವವರು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾದ ವೇದಿಕೆಯನ್ನು ಮಾತ್ರ ಬಳಸಿ. ಮನೆಯಿಂದ ಹಣ ಬರುವ ಖಾತೆ, ವಿದ್ಯಾರ್ಥಿವೇತನದ ಖಾತೆ ಇದಕ್ಕೆ ಬೇಡವೇ ಬೇಡ, ಪ್ರತ್ಯೇಕ ಖಾತೆ ಇರಲಿ. ವೇದಿಕೆಯಲ್ಲಿರುವ ಹೆಸರು ಮತ್ತು ಹಣ ಕಳುಹಿಸಿದ ಖಾತೆಯ ಹೆಸರು ಒಂದೇ ಆಗಿರಬೇಕು. ಅಕ್ಕ, ಮಾವ, ಗೆಳೆಯ ಎಂಬ ಯಾವ ನೆಪವನ್ನೂ ಒಪ್ಪಬೇಡಿ. ಕ್ರಿಪ್ಟೊ ಬಿಡದೆ ವೇದಿಕೆಗೆ ದೂರು ಕೊಡಿ. ಸ್ಕ್ರೀನ್‌ಶಾಟ್ ಮತ್ತು ಎಸ್‌ಎಂಎಸ್ ನಂಬದೆ ಬ್ಯಾಂಕಿನ ಆ್ಯಪ್‌ನಲ್ಲಿಯೇ ಜಮೆಯನ್ನು ನೋಡಿ. ಚಾಟ್, ಆರ್ಡರ್ ಸಂಖ್ಯೆ, ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತಿನ) ಸಂಖ್ಯೆ ಎಲ್ಲವನ್ನೂ ಉಳಿಸಿಟ್ಟುಕೊಳ್ಳಿ. ವೇದಿಕೆಯ ಹೊರಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತು ಮುಗಿಸೋಣ, ಹಳೆ ಬಸ್ ನಿಲ್ದಾಣದ ಹತ್ತಿರ ನಗದು ಕೊಡುತ್ತೇನೆ ಎನ್ನುವವರ ಜೊತೆ ಹೋಗಬೇಡಿ. ರಿಟರ್ನ್‌ನಲ್ಲಿ ವಿಡಿಎ (ವರ್ಚುವಲ್ ಡಿಜಿಟಲ್ ಆಸ್ತಿ) ಎಂಬ ಪ್ರತ್ಯೇಕ ಅನುಸೂಚಿ ಇದೆ. ಪ್ರತಿ ವ್ಯವಹಾರವನ್ನೂ ಅದರಲ್ಲಿ ತೋರಿಸಿ.

ಖಾತೆ ಸ್ತಂಭನವಾದರೆ ಮೊದಲು ಬ್ಯಾಂಕಿನಿಂದ ದೂರಿನ ಸಂಖ್ಯೆ, ಠಾಣೆ, ವಿವಾದಿತ ಮೊತ್ತ ಇವನ್ನು ಲಿಖಿತವಾಗಿ ಪಡೆಯಿರಿ. ಆ ಠಾಣೆಯ ತನಿಖಾಧಿಕಾರಿಗೆ ದಾಖಲೆಗಳನ್ನೆಲ್ಲ ಲಗತ್ತಿಸಿ ಇ-ಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಬರೆಯಿರಿ. ಇಲ್ಲಿನ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೂ ಹೋಗಿ ವಿಷಯ ತಿಳಿಸಿ. ವಿವಾದಿತ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡಬೇಕೆಂದು ಕೇಳಿ; ಕೇರಳ ಹೈಕೋರ್ಟ್ 2023ರಲ್ಲಿ ಇದೇ ಅರ್ಥದ ಆದೇಶ ನೀಡಿದೆ. ಗದಗಿನ ಆ ವ್ಯಾಪಾರಿಗೆ ಹೀಗೆಯೇ ಖಾತೆಯ ಉಳಿದ ಹಣ ಬಿಡುಗಡೆಯಾಯಿತು, ₹24,000 ಇನ್ನೂ ತಡೆಯಲ್ಲಿದೆ. ನಡುವೆ "ಸಾವಿರ ರೂಪಾಯಿ ಕೊಡಿ, ಖಾತೆ ಬಿಡಿಸುತ್ತೇವೆ" ಎಂದು ಫೋನ್ ಮಾಡುವವರೂ ಇರುತ್ತಾರೆ. ಅವರು ಅಧಿಕಾರಿಗಳಲ್ಲ, ಅವರಿಗೆ ಹಣ ಕೊಡಬೇಡಿ. ಆ ಸಂಖ್ಯೆಯನ್ನೂ ಬರೆದಿಟ್ಟುಕೊಂಡು ಠಾಣೆಗೆ ಕೊಡಿ.