ಯಾವ ಸಂಶೋಧನೆಗೆ ಕೈಹಾಕಲಿ?

ಪ್ರಶ್ನೆ: ನಾನು ಅಮೆರಿಕದ ಮೆಡಿಕಲ್ ಸ್ಕೂಲೊಂದರಲ್ಲಿ ಮೊದಲ ವರ್ಷ ಮುಗಿಸುತ್ತಿದ್ದೇನೆ. ಚರ್ಮರೋಗ ವಿಭಾಗದಲ್ಲಿ ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ಮಾಡಬೇಕೆಂಬ ಆಸೆಯಿದೆ; ಇಂಟರ್ನಲ್ ಮೆಡಿಸಿನ್ (ವಯಸ್ಕರ ಒಳರೋಗಗಳ ಚಿಕಿತ್ಸೆ) ಕೂಡ ಮನಸ್ಸಿಗೆ ಹಿಡಿಸಿರುವುದರಿಂದ ಇನ್ನೂ ನಿರ್ಧಾರಕ್ಕೆ ಬಂದಿಲ್ಲ. ಬೇಸಿಗೆಯ ಎಂಟು ವಾರಗಳ ಬಿಡುವಿಗೆ ಮೂರು ಕಡೆಯಿಂದ ಅವಕಾಶ ಬಂದಿದೆ. ಹೆಸರಾಂತ ಪ್ರಾಧ್ಯಾಪಕರೊಬ್ಬರ ಪ್ರಯೋಗಾಲಯದಲ್ಲಿ ಇಲಿಗಳನ್ನು ಬಳಸಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕುರಿತು ನಡೆಯುವ ಕೆಲಸ ಒಂದು. ಕ್ಯಾನ್ಸರಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಪಡೆದವರಲ್ಲಿ ಕಾಣಿಸಿಕೊಳ್ಳುವ ಚರ್ಮದ ತೊಂದರೆಗಳ ಬಗ್ಗೆ, ಹೊಸದಾಗಿ ಸೇರಿದ ಅಧ್ಯಾಪಕಿಯೊಬ್ಬರು ಹಳೆಯ ದಾಖಲೆಗಳನ್ನಿಟ್ಟುಕೊಂಡು ನಡೆಸುವ ಅಧ್ಯಯನ ಇನ್ನೊಂದು. ರೆಸಿಡೆಂಟ್ ಒಬ್ಬರ ಜೊತೆ ನಾಲ್ಕು ಕೇಸ್ ರಿಪೋರ್ಟ್ (ಒಬ್ಬೊಬ್ಬ ರೋಗಿಯ ಕುರಿತ ವರದಿ) ಬರೆಯುವುದು ಮೂರನೆಯದು. ಪ್ರಕಟಣೆಗಳ ಸಂಖ್ಯೆಯೇ ಮುಖ್ಯ ಎಂದು ಸಹಪಾಠಿಗಳು ಹೇಳುತ್ತಾರೆ. ಯಾವುದನ್ನು ಒಪ್ಪಿಕೊಳ್ಳಲಿ?

ಉತ್ತರ: ಎರಡನೆಯದನ್ನು ಒಪ್ಪಿಕೊಳ್ಳಿ. ಆದರೆ ಒಪ್ಪುವ ಮೊದಲು ವಿಚಾರಿಸಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ, ಅವನ್ನು ಮುಂದೆ ಹೇಳುತ್ತೇನೆ.

ಮೊದಲು ಸಂಖ್ಯೆಯ ಭಯವನ್ನು ನೋಡೋಣ. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ರಲ್ಲಿ 2022ರ ಜನವರಿಯಿಂದ ಅಂಕ ಕೊಡುವುದನ್ನು ನಿಲ್ಲಿಸಿ, ಪಾಸ್ ಅಥವಾ ಫೇಲ್ ಎಂದಷ್ಟೇ ತಿಳಿಸುತ್ತಿದ್ದಾರೆ. ಅಂಕದಿಂದ ಅಭ್ಯರ್ಥಿಗಳನ್ನು ಬೇರ್ಪಡಿಸುವ ಒಂದು ದಾರಿ ಮುಚ್ಚಿದ ಮೇಲೆ, ಚರ್ಮರೋಗ, ನರಶಸ್ತ್ರಚಿಕಿತ್ಸೆ, ಮೂಳೆ ಶಸ್ತ್ರಚಿಕಿತ್ಸೆಯಂಥ ಪೈಪೋಟಿಯ ವಿಭಾಗಗಳನ್ನು ಬಯಸುವವರು ಸಂಶೋಧನೆಯ ಪಟ್ಟಿಯನ್ನು ಉದ್ದ ಮಾಡಲು ಹೊರಟಿರುವುದು ಅರ್ಥವಾಗುವಂಥದ್ದೇ. ಆದರೆ ಮ್ಯಾಚ್ (ಅಭ್ಯರ್ಥಿಗಳಿಗೆ ರೆಸಿಡೆನ್ಸಿ ಸ್ಥಾನಗಳನ್ನು ಹೊಂದಿಸುವ ಪ್ರಕ್ರಿಯೆ) ನಡೆಸುವ ಸಂಸ್ಥೆಯ ವರದಿಗಳಲ್ಲಿ ಕಾಣುವ ಆ ದೊಡ್ಡ ಸರಾಸರಿಗಳಲ್ಲಿ ಪ್ರಕಟವಾದ ಪ್ರಬಂಧಗಳಷ್ಟೇ ಅಲ್ಲದೆ ಸಾರಾಂಶಗಳೂ ಸಮ್ಮೇಳನಗಳ ಮಂಡನೆಗಳೂ ಒಟ್ಟಾಗಿ ಸೇರಿರುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ. ಒಂದೇ ಅಧ್ಯಯನ ಮೊದಲು ಸಾರಾಂಶವಾಗಿ, ಆಮೇಲೆ ಪೋಸ್ಟರ್ ಆಗಿ, ಕೊನೆಗೆ ಪ್ರಬಂಧವಾಗಿ ಮೂರು ಸಲ ಎಣಿಕೆಗೆ ಬರಬಹುದು. ಸರಿಯಾಗಿ ಆರಿಸಿಕೊಂಡ ಒಂದು ಕೆಲಸವನ್ನು ಕೊನೆಮುಟ್ಟಿಸಿದವರ ಪಟ್ಟಿ ತಾನಾಗಿಯೇ ಬೆಳೆಯುತ್ತದೆ.

ಹೆಸರಾಂತ ಪ್ರಯೋಗಾಲಯದ ಬಗ್ಗೆ ನನಗೆ ಗೌರವವಿದೆ. ಆದರೆ ಎಂಟು ವಾರಗಳಲ್ಲಿ ಅಲ್ಲಿನ ವಿಧಾನಗಳನ್ನು ಕಲಿಯುವುದೇ ದೊಡ್ಡ ಕೆಲಸವಾಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಪ್ರತ್ಯೇಕ ತರಬೇತಿ ಮತ್ತು ಅನುಮತಿ ಬೇಕು. ಒಂದು ಪ್ರಯೋಗ ಕೈಕೊಟ್ಟರೆ ಒಂದೆರಡು ತಿಂಗಳು ಹಿಂದೆ ಸರಿಯಬೇಕಾಗುತ್ತದೆ. ಒಂದು ವರ್ಷ ಓದು ನಿಲ್ಲಿಸಿ ಸಂಶೋಧನೆಗೇ ಮೀಸಲಿಡುವ ಇರಾದೆ ನಿಮಗಿದ್ದರೆ ನಾನೇ ಅಲ್ಲಿಗೆ ಹೋಗಿ ಎನ್ನುತ್ತಿದ್ದೆ. ಬೇಸಿಗೆಯ ಬಿಡುವಿಗೆ ಅದು ಹೊಂದುವುದಿಲ್ಲ.

ಈ ಸಂದರ್ಭದಲ್ಲಿ ಜೇ ಮೆಕ್ಲೀನ್ ನೆನಪಾಗುತ್ತಾರೆ. ಶಸ್ತ್ರಚಿಕಿತ್ಸಕನಾಗಬೇಕೆಂದುಕೊಂಡಿದ್ದ ಈತ ಅಮೆರಿಕದ ಮೆಡಿಕಲ್ ಸ್ಕೂಲಾದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಎರಡನೇ ವರ್ಷದ ವಿದ್ಯಾರ್ಥಿಯಾಗಿದ್ದಾಗ, ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕ ವಿಲಿಯಂ ಹೊವೆಲ್ ಅವರ ಬಳಿ ಕೆಲಸಕ್ಕೆ ನಿಂತರು. ಹೊವೆಲ್ ಕೊಟ್ಟದ್ದು ಸಣ್ಣ, ಸ್ಪಷ್ಟ ಪ್ರಶ್ನೆ: ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಅಂಗಾಂಶಸಾರದಲ್ಲಿ ನಿಜವಾಗಿ ಆ ಕೆಲಸ ಮಾಡುವ ವಸ್ತು ಯಾವುದು? ಅದನ್ನು ಹುಡುಕುತ್ತ ಹೋದ ವಿದ್ಯಾರ್ಥಿಗೆ ಪಿತ್ತಜನಕಾಂಗದ ಸಾರವೊಂದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತಿರುವುದು 1916ರಲ್ಲಿ ಕಂಡಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವಾದ ಹೆಪಾರಿನ್‌ನ ಕಥೆ ಶುರುವಾದದ್ದು ಅಲ್ಲಿಂದ. ಅಂಥ ಅದೃಷ್ಟ ಎಲ್ಲರಿಗೂ ಬರುವುದಿಲ್ಲ, ನಿಜ. ನಾನು ನಿಮಗೆ ತೋರಿಸಬೇಕೆಂದಿರುವುದು ಆ ಕೆಲಸದ ಅಳತೆಯನ್ನು: ವಿದ್ಯಾರ್ಥಿಯ ಕೈಗೆ ನಿಲುಕುವ ಪ್ರಶ್ನೆ, ಮತ್ತು ಏನಾದರೂ ವಿಚಿತ್ರ ಕಂಡಾಗ ಓಡಿಹೋಗಿ ತೋರಿಸಲು ಪಕ್ಕದಲ್ಲೇ ಇದ್ದ ಮಾರ್ಗದರ್ಶಕರು.

ನಿಮ್ಮ ಎರಡನೇ ಅವಕಾಶಕ್ಕೆ ಈ ಅಳತೆ ಇರುವಂತೆ ತೋರುತ್ತದೆ. ಅದಕ್ಕೆ ಬೇಕಾದ ದಾಖಲೆಗಳು ಆಗಲೇ ಆಸ್ಪತ್ರೆಯಲ್ಲಿವೆ. ಇಂದಿನ ಇಮ್ಯುನೋಥೆರಪಿಯ ಮುಖ್ಯ ಗುಂಪಾದ ಚೆಕ್‌ಪಾಯಿಂಟ್ ಇನ್ಹಿಬಿಟರ್‌ಗಳಲ್ಲಿ (ರೋಗನಿರೋಧಕ ಶಕ್ತಿಗಿರುವ ತಡೆಯನ್ನು ತೆಗೆಯುವ ಔಷಧಗಳಲ್ಲಿ) ಮೊದಲನೆಯದಾದ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2011ರಲ್ಲಿ, ಹಾಗಾಗಿ ನೋಡಲು ಹಲವು ವರ್ಷಗಳ ದಾಖಲೆಗಳು ಇರಬಹುದು. ಮೇಲಾಗಿ ವಿಷಯವು ಚರ್ಮರೋಗಕ್ಕೂ ಇಂಟರ್ನಲ್ ಮೆಡಿಸಿನ್‌ಗೂ ಸಮಾನವಾಗಿ ಸೇರಿದ್ದರಿಂದ, ನಾಳೆ ನಿಮ್ಮ ಮನಸ್ಸು ಬದಲಾದರೂ ಒಂದು ಗಂಟೆಯ ಕೆಲಸವೂ ವ್ಯರ್ಥವಾಗುವುದಿಲ್ಲ. ಇನ್ನೂ ನಿರ್ಧರಿಸದ ವಿದ್ಯಾರ್ಥಿಗಳು ಇಂಥ ಗಡಿಯ ವಿಷಯಗಳನ್ನೇ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದಾಖಲೆ ನೋಡಿ ಎಕ್ಸೆಲ್ ಹಾಳೆ ತುಂಬಿಸುವುದು ಗುಮಾಸ್ತೆಯ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬ ರೋಗಿಯ ದಾಖಲೆಯಲ್ಲಿ ‘ದದ್ದು ಇಲ್ಲ’ ಎಂದು ಬರೆದಿರುತ್ತದೆ. ಇನ್ನೊಬ್ಬರದರಲ್ಲಿ ಚರ್ಮದ ಮಾತೇ ಇರುವುದಿಲ್ಲ. ಎರಡಕ್ಕೂ ನೀವು ಸೊನ್ನೆ ಹಾಕಿದರೆ ಅಧ್ಯಯನ ಅಲ್ಲಿಯೇ ಕೆಟ್ಟಿತು, ಏಕೆಂದರೆ ಎರಡನೇ ರೋಗಿಯ ಚರ್ಮವನ್ನು ಆ ದಿನ ಯಾರೂ ನೋಡದೇ ಇದ್ದಿರಬಹುದು. ಮೂರನೆಯವರ ಟಿಪ್ಪಣಿಯಲ್ಲಿ ‘ತುರಿಕೆ’ ಎಂಬ ಒಂದೇ ಪದವಿದ್ದರೆ ಅದನ್ನು ಯಾವ ಕಾಲಂಗೆ ಹಾಕುವುದೆಂಬ ನಿಯಮವನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಮೊದಲ ಇಪ್ಪತ್ತು ದಾಖಲೆಗಳನ್ನು ನೀವೂ ಇನ್ನೊಬ್ಬರೂ ಬೇರೆಬೇರೆಯಾಗಿ ತುಂಬಿ, ಎಲ್ಲೆಲ್ಲಿ ವ್ಯತ್ಯಾಸ ಬಂತೆಂದು ಕುಳಿತು ಹೋಲಿಸಿ ನೋಡಿ. ಸಂದರ್ಶನದಲ್ಲಿ ನಿಮ್ಮ ಅಧ್ಯಯನದ ಬಗ್ಗೆ ಹೇಳಿ ಎಂದು ಕೇಳಿದಾಗ ನಿಮ್ಮ ಬಾಯಿಂದ ಬರಬೇಕಾದದ್ದು ಇಂಥ ವಿವರಗಳು. ಪಟ್ಟಿಯಲ್ಲಿ ಹನ್ನೆರಡು ಶೀರ್ಷಿಕೆಗಳಿದ್ದು ಒಂದರ ವಿಧಾನವನ್ನೂ ವಿವರಿಸಲಾಗದೆ ತಡವರಿಸಿದ ಅಭ್ಯರ್ಥಿಗಳನ್ನು ನೋಡಿ ನನಗೆ ನೋವಾಗಿದೆ.

ಈಗ ವಿಚಾರಿಸಿಕೊಳ್ಳಬೇಕಾದ ಸಂಗತಿಗಳು. ಐಆರ್‌ಬಿ (ಮನುಷ್ಯರ ಕುರಿತ ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿ) ಅನುಮತಿ ಆಗಲೇ ಸಿಕ್ಕಿದೆಯೇ, ಇಲ್ಲವಾದರೆ ಅರ್ಜಿ ಯಾವ ಹಂತದಲ್ಲಿದೆ ಎಂದು ಕೇಳಿ. ಬೇಸಿಗೆಯ ಅರ್ಧವನ್ನು ಈ ಒಂದು ಕಾಗದವೇ ತಿಂದುಹಾಕಿದ ಉದಾಹರಣೆಗಳು ಬೇಕಾದಷ್ಟಿವೆ. ಅಂಕಿಅಂಶಗಳ ವಿಶ್ಲೇಷಣೆ ಯಾರು ಮಾಡುತ್ತಾರೆಂದು ಕೇಳಿ. ಅಧ್ಯಾಪಕಿಯವರ ಬಳಿ ಹಿಂದೆ ಕೆಲಸ ಮಾಡಿದ ವಿದ್ಯಾರ್ಥಿಗಳಿದ್ದರೆ ಅವರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ, ಅವರ ಕೆಲಸ ಪ್ರಕಟವಾಯಿತೇ, ಕಳಿಸಿದ ಕರಡು ಎಷ್ಟು ದಿನಕ್ಕೆ ತಿದ್ದಿ ಬರುತ್ತಿತ್ತು ಎಂದು ತಿಳಿದುಕೊಳ್ಳಿ. ಮಾರ್ಗದರ್ಶಕರ ಹೆಸರಿಗಿಂತ ಈ ಕೊನೆಯ ಉತ್ತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಾಳೆ ನಿಮಗೆ ಶಿಫಾರಸು ಪತ್ರ ಬರೆಯುವವರೂ ಅವರೇ. ವಾರಕ್ಕೊಮ್ಮೆ ನಿಮ್ಮ ಜೊತೆ ಕುಳಿತವರು ಬರೆಯುವ ಪತ್ರಕ್ಕೂ ನಿಮ್ಮ ಮುಖವನ್ನು ಎರಡು ಸಲ ಕಂಡವರು ಬರೆಯುವ ಪತ್ರಕ್ಕೂ ಅಜಗಜಾಂತರವಿರುತ್ತದೆ.

ಲೇಖಕರ ಸ್ಥಾನದ ಮಾತನ್ನು ಸಂಕೋಚಪಡದೆ ಮೊದಲ ದಿನವೇ ಎತ್ತಿ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳೂ ಪೂರೈಸಬೇಕು: ಅಧ್ಯಯನದ ರೂಪುರೇಷೆಯಲ್ಲಿ, ಮಾಹಿತಿ ಸಂಗ್ರಹದಲ್ಲಿ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು; ಬರವಣಿಗೆಯಲ್ಲಿ ಅಥವಾ ತಿದ್ದುವಿಕೆಯಲ್ಲಿ ಪಾಲು; ಅಂತಿಮ ಪ್ರತಿಗೆ ಒಪ್ಪಿಗೆ; ಮತ್ತು ಇಡೀ ಕೆಲಸಕ್ಕೆ ಹೊಣೆ. ಮಾಹಿತಿ ಸಂಗ್ರಹಿಸಿದ್ದೊಂದೇ ಸಾಲದು. ಆದ್ದರಿಂದ ವಿಧಾನದ ಭಾಗದ ಮೊದಲ ಕರಡನ್ನು ನಾನೇ ಬರೆಯುತ್ತೇನೆ ಎಂದು ಕೇಳಿ ಪಡೆದುಕೊಳ್ಳಿ.

ಕೇಸ್ ರಿಪೋರ್ಟ್‌ಗಳನ್ನು ಪೂರ್ತಿ ಬಿಡಬೇಕಾಗಿಲ್ಲ. ನಾಲ್ಕರಲ್ಲಿ ನೀವೇ ಕಣ್ಣಾರೆ ಕಂಡ ರೋಗಿಯದು ಒಂದಿದ್ದರೆ, ರೋಗಿಯ ಲಿಖಿತ ಒಪ್ಪಿಗೆ ಪಡೆದು ಅದನ್ನು ಬರೆಯಿರಿ.

ಪ್ರಶ್ನೆ: ಒಂದು ವಾರದಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಕಳುಹಿಸಿ ಎಂದು ಜರ್ನಲ್ ಒಂದರಿಂದ ಇಮೇಲ್ ಬಂದಿದೆ. ಪಟ್ಟಿಗೆ ಒಂದು ಸೇರುತ್ತದಲ್ಲ, ಕಳುಹಿಸಬಹುದೇ?

ಉತ್ತರ: ಕಳುಹಿಸಬೇಡಿ. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಅನೇಕ ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ಪಡೆಯುವುದರಿಂದ ಶುಲ್ಕ ಕೇಳಿದ್ದೇ ದೋಷವಲ್ಲ. ವಾರದೊಳಗೆ ಪ್ರಕಟಿಸುವ ಭರವಸೆಯೇ ದೋಷ, ಏಕೆಂದರೆ ಅಷ್ಟರಲ್ಲಿ ತಜ್ಞರು ಓದಿ ತಿದ್ದುಪಡಿ ಸೂಚಿಸಿ, ನೀವು ತಿದ್ದಿ ಮರಳಿಸಿ, ಅವರು ಮತ್ತೆ ನೋಡಿ ಒಪ್ಪುವುದು ಆಗಿಹೋಗುವ ಮಾತಲ್ಲ. ಆ ಜರ್ನಲ್ ಮೆಡ್‌ಲೈನ್ ಎಂಬ, ಆರಿಸಿದ ವೈದ್ಯಕೀಯ ಜರ್ನಲ್‌ಗಳ ಸೂಚಿಯಲ್ಲಿದೆಯೇ ಎಂದು ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ. ಅವರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ. ಒಮ್ಮೆ ಅಲ್ಲಿ ಅಚ್ಚಾದ ಪ್ರಬಂಧವನ್ನು ಆಮೇಲೆ ಒಳ್ಳೆಯ ಕಡೆಗೆ ಕಳುಹಿಸುವ ಹಾಗಿಲ್ಲ, ಹಿಂದೆ ಪಡೆಯುವುದೂ ಸುಲಭವಲ್ಲ.